ತೇಲಿದ ತೊಲೆ, ಮುಳುಗಿದ ಮನುಷ್ಯ

ನಮ್ಮೂರ ಮೀನುಗಾರಿಕಾ ಜೆಟ್ಟಿಯ ಕಾಮಗಾರಿ ಉತ್ತಮವಾಗಿದೆಯೆಂದು ಸಹಿ ಹಾಕಿದ ಅಭಿಯಂತರ ಮಹಾಶಯರೇ,

ನೀವು ಆಫ್ರಿಕದ ಮರವೆಂದು ಒಪ್ಪಿಕೊಂಡ ಮರ ನನ್ನ ಗಂಡನನ್ನು ಕೊಂದಿದೆ. ನಿಮ್ಮ ವರದಿ ಅದನ್ನು 'ಪ್ರಾಕೃತಿಕ ಅವಘಡ' ಎಂದು ಕರೆದಿದೆ. ಕನ್ನಡದಲ್ಲಿ ಬಿ.ಎ. ಓದಿ, ಶಿರೂರಿನ ಕಡೆಯ ಈ ಅಳಿವೆಯಲ್ಲಿ ಮೀನು ಮಾರುವವಳು ನಾನು. ಕೊಲೆಗೆ ಇಷ್ಟು ಸೊಗಸಾದ ಪರ್ಯಾಯ ಪದವಿದೆಯೆಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಉದ್ಘಾಟನೆಯ ದಿನ ಮೈಕ್ ಹಿಡಿದು ನೀವೇ ಹೇಳಿದಿರಿ: ಇದು ಪಶ್ಚಿಮ ಆಫ್ರಿಕದ ಅಜೋಬೆ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ, ಕಡಲ ಹುಳಕ್ಕೆ ಜಗ್ಗುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ನಾವು ನಂಬಿ ಚಪ್ಪಾಳೆ ತಟ್ಟಿದೆವು. ನನ್ನ ಗಂಡ ಜಿತೇಂದ್ರ ಕಪ್ಪಗೆ ಹೊಳೆಯುತ್ತಿದ್ದ ತೊಲೆಯನ್ನು ಸವರಿ, "ಇನ್ ಹೆದ್ರಿಕಿ ಇಲ್ಲ ಮಾರಾಯ್ತಿ, ಎಂತಾ ಗಾಳಿ ಬಂದ್ರೂ ದೋಣಿ ಕಟ್ಟುಕ್ ಆತ್ತ್" ಎಂದ. ಮೊಮ್ಮಕ್ಕಳ ಕಾಲ ಬಿಡಿ, ಮುಂದಿನ ಮಳೆಗಾಲವನ್ನೂ ಅದು ಕಾಣಲಿಲ್ಲ.

ಅವನು ಸತ್ತ ದಿನ ಬೆಳಿಗ್ಗೆ ಕಡಲು ಕೆರಳಿತ್ತು. ಮೈದುನ ಗೋಪಿ ದೋಣಿ ತರುತ್ತಿದ್ದ. ಹಗ್ಗ ಹಿಡಿಯಲು ಜಿತೇಂದ್ರ ಜೆಟ್ಟಿಯ ಅಂಚಿಗೆ ಹೋದ. ಕಾಲಡಿಗೆ ಹಾಸಿದ್ದ ಅದೇ ಮರದ ಹಲಗೆ ಲಟ್ಟೆಂದು ಮುರಿದು ಅವನು ಕೆಳಗೆ ಬಿದ್ದ. "ಅಣ್ಣಾ, ಬದಿಗ್ ಹೋಗ್! ಬದಿಗ್ ಹೋಗ್!" ಎಂದು ಗೋಪಿ ಕೂಗುತ್ತಿದ್ದಂತೆಯೇ ಅಲೆ ದೋಣಿಯನ್ನು ಎತ್ತಿ ಎಸೆಯಿತು. ಆ ಪೆಟ್ಟು ತಾಳಲೆಂದೇ ಜೆಟ್ಟಿಯ ಮುಖಕ್ಕೆ ತೊಲೆಗಳನ್ನು ಕಟ್ಟಿದ್ದಲ್ಲವೇ? ಅವು ಹಪ್ಪಳದಂತೆ ಪುಡಿಯಾದವು. ದೋಣಿಗೂ ಜೆಟ್ಟಿಯ ಕಾಂಕ್ರೀಟ್ ಗೋಡೆಗೂ ನಡುವೆ ಸಿಕ್ಕಿದ ನನ್ನ ಗಂಡನ ಎದೆಗೂಡು ಮುರಿದ ಸದ್ದು ದಡದಲ್ಲಿ ಮೀನಿಗೆ ಕಾದು ನಿಂತಿದ್ದ ನನಗೆ ಕೇಳಿಸಿತು. ಮತ್ತೊಂದು ಅಲೆ, ಮತ್ತೊಂದು ಪೆಟ್ಟು. ನೀರು ಕೆಂಪಾಯಿತು. ಮುಳುಗಬೇಕಿದ್ದ ನಿಮ್ಮ ಮರ ತೇಲಿತು. ಒಳಗೆಲ್ಲ ಹುಳ ಕೊರೆದ ತೂತು. ಈಜಬಲ್ಲ ನನ್ನ ಗಂಡ ಮುಳುಗಿದ.

ಶವ ಇನ್ನೂ ಮನೆಗೆ ಬಂದಿರಲಿಲ್ಲ, ಗುತ್ತಿಗೆದಾರನ ಮೇಲ್ವಿಚಾರಕ ಸುಧೀರ್ ಕ್ರೇನ್ ತಂದು ಮುರಿದ ತೊಲೆಗಳನ್ನು ಸಾಗಿಸಲು ನಿಂತ. ಸಾಕ್ಷಿ ಅಳಿಸಲು ಎಂಥ ಚುರುಕು! ಗೋಪಿ ದೋಣಿಯ ಕಬ್ಬಿಣದ ಕೊಕ್ಕೆಯಿಂದ ಅವನ ಮುಖಕ್ಕೆ ಬಾರಿಸಿದ. ದವಡೆ ಮುರಿಯಿತು, ಒಂದು ಕಣ್ಣು ಹೋಯಿತು. ಬಿದ್ದವನನ್ನು ಮತ್ತೆ ಹೊಡೆಯಲು ಕೊಕ್ಕೆ ಎತ್ತಿದಾಗ ನಾನೇ ಗೋಪಿಯ ಕೈಗೆ ಜೋತುಬಿದ್ದೆ. "ಬಿಡ್ ಗೋಪಿ, ಅಂವ ಸಾಯ್ತ!" "ಅಣ್ಣ ಸಾಯ್ಲಿಲ್ಯಾ ಅತ್ಗಿ?" ಎಂದು ಅವನು ಅಲ್ಲೇ ಕುಸಿದ.

ಈಗ ಗೋಪಿ ಕೊಲೆ ಯತ್ನದ ಆರೋಪಿ, ಜೈಲಿನಲ್ಲಿದ್ದಾನೆ. ನೀವು ಕಚೇರಿಯಲ್ಲಿದ್ದೀರಿ. ಕೊಕ್ಕೆ ಬೀಸಿದರೆ ಅಪರಾಧ, ಪೆನ್ನು ಬೀಸಿದರೆ ಪ್ರಕೃತಿಯೇ?

ಸುಧೀರನನ್ನು ನೋಡಲು ಕುಂದಾಪುರದ ಆಸ್ಪತ್ರೆಗೆ ಹೋಗಿದ್ದೆ. ಬೈಯಲೆಂದೇ ಹೋದವಳು. ಬ್ಯಾಂಡೇಜಿನೊಳಗಿಂದ ಅವನು ತೊದಲಿದ: "ಅಕ್ಕ, ಆಫ್ರಿಕದ ಮರ ಬರ್ಲೇ ಇಲ್ಲೆ. ಅಗ್ಗದ್ ಮರಕ್ಕೇ ಕರಿ ಬಣ್ಣ ಬಳಿ ಅಂದ್ರ್ ಗುತ್ತಿಗೆದಾರ್ರ್. ಸಾಹೇಬ್ರು ಬಂದ್, ಕಂಡ್ಕಂಡೇ ಸಹಿ ಹಾಕ್ರ್. ಕೋರ್ಟಲ್ಲೂ ಹೇಳ್ತೆ." ಅವನ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನನಗೆ ಆ ಭಾಗ್ಯವೂ ಇಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ನಿನ್ನೆ ಕ್ರೇನ್ ಮತ್ತೆ ಬಂತು. ಮೀನು ಮಾರುವ ಹೆಂಗಸರೆಲ್ಲ ಉಳಿದ ತೊಲೆಗಳ ಮೇಲೆ ಕುಳಿತೆವು. ಪೊಲೀಸರು ಎಳೆದಾಡಿದರು. ನಮ್ಮ ಜೊತೆ ಕುಳಿತಿದ್ದ ವನಜಕ್ಕನ ತಲೆ ಒಡೆಯಿತು. ಸೆರಗು ಸುತ್ತಿಕೊಂಡು ಅವಳು ಮತ್ತೆ ಬಂದು ಕುಳಿತಳು. ಕ್ರೇನ್ ಖಾಲಿ ಹೋಯಿತು.

ನಮ್ಮ ಬೇಡಿಕೆ ಇಷ್ಟೇ. ಈ ತೊಲೆಗಳನ್ನು ನ್ಯಾಯಾಧೀಶರ ಸಮಕ್ಷಮ ಪರೀಕ್ಷೆಗೆ ಕಳಿಸಿ. ಹೇಳಿದ ಮರ ಹಾಕುವವರೆಗೆ ಜೆಟ್ಟಿ ಮುಚ್ಚಿ. ಗೋಪಿಗೆ ಕ್ಷಮೆ ಬೇಡ. ಒಬ್ಬನ ಕಣ್ಣು ತೆಗೆದವನು ಕಟಕಟೆಯಲ್ಲಿ ನಿಲ್ಲಲಿ. ಅವನ ಪಕ್ಕದಲ್ಲಿ ನೀವೂ ನಿಲ್ಲಿ.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯಲು ಇನ್ನು ಮನಸ್ಸು ಬಾರದ,
ಶರಣ್ಯಾ