ಮುಲ್ಲೆವಾ ರಸ್ತೆಯ ಪುಷ್ಪಚಕ್ರಗಳು

ಪ್ರೀತಿಯ ಅಕ್ಕ,

ಈ ಪೋಸ್ಟ್‌ಕಾರ್ಡಿನ ಇಷ್ಟೇ ಜಾಗದಲ್ಲಿ ಎಲ್ಲ ಹಿಡಿಸಬೇಕು, ಅದಕ್ಕೇ ಅಕ್ಷರ ಇರುವೆಯಷ್ಟಾಗಿದೆ. ಅಮ್ಮ ಹೋದ ಮೇಲೆ ಅಪ್ಪ ಮಾತು ಬಿಟ್ಟಿದ್ದು ನಿನಗೆ ಗೊತ್ತಲ್ಲ. ನಮ್ಮೂರು ಬಲ್ಲಾರಟ್ ಬಿಟ್ಟಾಗಿನಿಂದ ಪ್ರತಿ ಪೆಟ್ರೋಲ್ ಬಂಕಿನಲ್ಲೂ "ವಾಪಸ್ ಹೋಗೋಣ" ಎನ್ನುವುದೊಂದೇ ಮಾತು. ಇವತ್ತು ಬೆಳಿಗ್ಗೆ ಮುಲ್ಲೆವಾ ಎಂಬ ಊರು ದಾಟಿದ ಮೇಲೆ, ಕೆಂಪು ಜಲ್ಲಿ ರಸ್ತೆಯ ಪಕ್ಕದಲ್ಲಿ ಸಾಲಾಗಿ ಪುಷ್ಪಚಕ್ರಗಳು ಕಂಡವು. ಸುತ್ತಲೂ ಗುಲಾಬಿ ಮತ್ತು ಕೆನೆಬಣ್ಣದ ಹೂ, ನಡುವೆ ಹಸಿರು.

"ನಿಲ್ಲಿಸು ಮಗಳೇ, ಇಲ್ಲಿ ಯಾರೋ ಸತ್ತಿದ್ದಾರೆ," ಎಂದ ಅಪ್ಪ. ಇಳಿದು, ಟೋಪಿ ತೆಗೆದು ನಿಂತ. ಒಂದು ಚಕ್ರ ಸೊಟ್ಟಗಿದೆ ಅನ್ನಿಸಿ, ಸರಿಯಾಗಿಡಲು ಬಗ್ಗಿ ಎತ್ತಿದ. ಅದು ಏಳಲೇ ಇಲ್ಲ. ಅದಕ್ಕೆ ಬೇರಿತ್ತು.

ಅಷ್ಟರಲ್ಲಿ ಆ ಊರಿನ ಹೆಂಗಸೊಬ್ಬಳು ಪಿಕಪ್ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ಏನ್ ತಾತ, ಗಿಡಕ್ಕೆ ಶ್ರದ್ಧಾಂಜಲಿನಾ? ಅದು ಬೆಳೆಯೋದೇ ಹಂಗೆ. ಇನ್ನೂ ಜೀವ ಇದೆ, ಕೀಳ್ಬೇಡಿ," ಎಂದಳು.

ಅಪ್ಪ ಟೋಪಿಯಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆಂದು ಓಡಿ ಹೋದೆ. ನಗುತ್ತಿದ್ದ, ಅಕ್ಕ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ಸದ್ದಿಗೆ ಮರದಲ್ಲಿದ್ದ ಕಪ್ಪು ಕಾಕಟೂ ಗಿಳಿಗಳೆಲ್ಲ ಕೆಂಪು ಬಾಲ ಬಿಚ್ಚಿ, ಕಿರುಚುತ್ತಾ ಮೇಲೆದ್ದವು. "ನೋಡು, ಅವೂ ನನ್ನ ಆಡ್ಕೊಳ್ತಿವೆ," ಎಂದ.

ಅವನ ಮಂಡಿ ಸ್ವಲ್ಪ ಊದಿದೆ, ಮಾತ್ರೆ ಸಾಕಷ್ಟಿದೆ, ಚಿಂತೆ ಬೇಡ. ನಾಳೆ ಹಿಂತಿರುಗೋಣವಾ ಎಂದು ಕೇಳಿದ್ದಕ್ಕೆ, "ನಿಂಗೆ ಹೋಗ್ಬೇಕಿದ್ರೆ ಬಸ್ ಹಿಡ್ಕೊಂಡು ಹೋಗು, ಕಾರು ನಂದು," ಎಂದ. ಈಗ ಅಂಚೆಪೆಟ್ಟಿಗೆಯ ಎದುರೇ ಸ್ಟಿಯರಿಂಗ್ ಹಿಡಿದು ಕೂತು, ಇನ್ನೂ ಮುಂದೆ, ಉತ್ತರ ದಿಕ್ಕಿಗೆ ಹೊರಡೋಣವೆಂದು ಹಾರ್ನ್ ಹೊಡೆಯುತ್ತಿದ್ದಾನೆ.

ಬ್ರಿಜೆಟ್