ಮದ್ದುಗುಂಡಿಲ್ಲದೆ ನಿಂತವರು

ಹೊಸಬೇಲೆ ಗುಡ್ಡ, ಶಕವರ್ಷ ೨೦೯೧ರ ಮಾರ್ಗಶಿರ.

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ತುಳಸಿ ಖಾರ್ವಿಯ ನಮಸ್ಕಾರ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಮನ್ನಿಸಿ. ನಮ್ಮ ಎಷ್ಟೋ ಮಾತುಗಳು ನಿಮ್ಮ ಕಾಲಕ್ಕೆ ಇನ್ನೂ ಹುಟ್ಟಿಲ್ಲ.

ನಾನು ಇಲ್ಲಿನ ಕಡಲಗಾವಲನ್ನು ನೋಡಿಕೊಳ್ಳುವವಳು. ನಿಮ್ಮ ನಂತರ ಬಂದ ಯುದ್ಧಕಾಲದಲ್ಲಿ ಶತ್ರುಹಡಗುಗಳನ್ನು ತಡೆಯಲು ಗುಡ್ಡದ ಮೇಲೆ ಕಟ್ಟಿದ ಫಿರಂಗಿ ಠಾಣೆಗೆ ನಾವು ಹಾಗೆನ್ನುತ್ತೇವೆ. ಈಗ ಅದು ಸ್ಮಾರಕ. ಮಳೆಗಾಲ ಮುಗಿದ ಮೇಲೆ ಫಿರಂಗಿಗಳ ತುಕ್ಕು ಉಜ್ಜಿ ಎಣ್ಣೆ ಹಚ್ಚುತ್ತೇನೆ, ಕಾಂಕ್ರೀಟಿನ ಬಿರುಕಿನಲ್ಲಿ ಎದ್ದ ಅರಳಿ ಸಸಿ ಕೀಳುತ್ತೇನೆ. ನಿಮ್ಮ ಹೆದ್ದಾರಿ ಮುಳುಗಿದ ಜಾಗದ ಮೇಲೆ ಓಡುವ ನೀರುಬಸ್ಸಿನಲ್ಲಿ ಶಾಲೆಯ ಮಕ್ಕಳು ಬರುತ್ತಾರೆ, ಫಿರಂಗಿ ಹತ್ತಿ ಕೂತು ಬುತ್ತಿ ತಿನ್ನುತ್ತಾರೆ. ಇಲ್ಲಿನ ವೀರರು ಗುಂಡು ಹಾರಿಸಿ ಶತ್ರುವನ್ನು ಗೆದ್ದರು ಎಂದು ಬಾಗಿಲ ಫಲಕದಲ್ಲಿ ಬರೆದಿತ್ತು.

ಪ್ರತಿವರ್ಷ ಶೇವಂತಿ ಅಂಬಿಗ ಎಂಬ ಅಜ್ಜಿ ಬರುತ್ತಿದ್ದರು. ಅವರ ಅಣ್ಣ ಉಮಾಕಾಂತ ಇಲ್ಲಿ ಫಿರಂಗಿ ನಡೆಸುತ್ತಿದ್ದವನು. ಹಡಗುಗಳು ಕಾಣಿಸಿಕೊಂಡ ದಿನ ಅವನು ಮನೆಗೆ ಓಡಿ ಬಂದು, ಮದ್ದುಗುಂಡು ಕಳಿಸುತ್ತೇವೆಂದವರು ಕಳಿಸಲೇ ಇಲ್ಲ, ಊರವರೆಲ್ಲ ಗುಡ್ಡ ದಾಟಿ ಹೋಗಿ ಎಂದನಂತೆ. ನೀನೂ ಬಾ ಎಂದು ತಾಯಿ ಕೈ ಹಿಡಿದರು. ಫಿರಂಗಿ ತಮ್ಮತ್ತ ತಿರುಗುವುದನ್ನು ಕಂಡರೆ ಹಡಗಿನವರು ಸ್ವಲ್ಪ ಹೊತ್ತಾದರೂ ದೂರ ನಿಲ್ಲುತ್ತಾರೆ, ಅಷ್ಟರಲ್ಲಿ ನೀವು ದಾಟಿಬಿಡಿ ಎಂದು ಅವನು ಕೈ ಬಿಡಿಸಿಕೊಂಡು ಹೋದ. ಹಡಗುಗಳು ಮಧ್ಯಾಹ್ನದವರೆಗೂ ನಿಂತವು. ಊರವರು ಉಳಿದರು, ಕಡಲಗಾವಲಿನಲ್ಲಿದ್ದವರು ಯಾರೂ ಉಳಿಯಲಿಲ್ಲ.

ಹೋದ ವರ್ಷ ಬಂದಾಗ ಅಜ್ಜಿಗೆ ಕಣ್ಣು ಪೂರ್ತಿ ಹೋಗಿತ್ತು. ಇನ್ನು ಬರುವುದು ಕಷ್ಟ ಎನ್ನುತ್ತಾ ಫಲಕದ ಮುಂದೆ ನನ್ನ ತೋಳು ಹಿಡಿದುಕೊಂಡರು.

"ತಂಗಿ, ನನ್ನಣ್ಣ ಗೆದ್ದ ಅಂತ ಬೇಡ. ಗುಂಡಿಲ್ದೇ ನಿಂತಿದ್ದ ಅಂತ ಬರೆಸು. ಇಲ್ಲಾಂದ್ರೆ ಕಳಿಸದೇ ಇದ್ದೋರು ತಪ್ಪಿಸ್ಕೊಂಡ್ಬಿಡ್ತಾರೆ."

ಮೇಲಿನವರನ್ನು ಕೇಳಿದೆ. ಸೋಲನ್ನು ನೋಡಲು ಯಾರೂ ಬರುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ನಾನೇ ಬಣ್ಣ ತಂದು ತಿದ್ದಿದೆ. ಇದರಿಂದ ನನ್ನ ಕೆಲಸ ಹೋಗಬಹುದು. ಅಜ್ಜಿಗೆ ಓದಿ ಹೇಳಬೇಕೆಂದು ಕಾದಿದ್ದೆ. ಆದರೆ ಈ ಸಲ ನೀರುಬಸ್ಸಿನಿಂದ ಅವರ ಮೊಮ್ಮಗಳೊಬ್ಬಳೇ ಇಳಿದಳು. ಅಜ್ಜಿ ಆಷಾಢದಲ್ಲಿ ತೀರಿಕೊಂಡರಂತೆ. ಅವಳಿಗೇ ಓದಿ ಹೇಳಿದೆ. ಇನ್ನೊಮ್ಮೆ ಓದಿ ಎಂದಳು.

ನಿಮ್ಮ ಕಾಲದಲ್ಲಿ ಈ ಗುಡ್ಡದ ತುಂಬ ಗೇರುಮರಗಳಂತೆ, ಹೆಂಗಸರು ಒಣಸೌದೆ ಆಯಲು ಬರುತ್ತಾರಂತೆ. ಅದು ಹಾಗೇ ಇರಲಿ, ನಿಮ್ಮ ಕೈಲಾದರೆ. ಆಗದೇ ಹೋದರೆ, ಇಲ್ಲಿ ಕಾಯಲು ನಿಲ್ಲಿಸುವ ಮಕ್ಕಳನ್ನು ಬರಿಗೈಯಲ್ಲಿ ನಿಲ್ಲಿಸಬೇಡಿ.