ಸ್ವಿಚ್ಚಿಗಿಂತ ಮುಂಚಿನ ಬಲ್ಬು

ಪಾಲ್ಮಾ ಸೋಲಾ, ಉತುಆದೊ
ಪೋರ್ಟೊರಿಕೊ
ನವೆಂಬರ್ 14

ಪ್ರೀತಿಯ ತಮ್ಮಾ ಒಬೇದ್,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಟೆಕ್ಸಾಸಿನಲ್ಲಿ ನೀವು ಲೈನ್‌ಮನ್‌ಗಳು ಲಾರಿಯ ಬುಟ್ಟಿಯಲ್ಲಿ ನಿಂತೇ ಕಂಬದ ತುದಿ ಮುಟ್ಟುತ್ತೀರಂತೆ, ಹತ್ತುವ ಕೆಲಸವೇ ಇಲ್ಲವಂತೆ. ಹಾಗಂತ ಹೊಟ್ಟೆ ಬೆಳೆಸಿಕೊಳ್ಳಬೇಡ. ಊಟವನ್ನಾದರೂ ಕೂತು ಮಾಡು, ಲಾರಿ ಓಡಿಸುತ್ತಾ ನುಂಗಬೇಡ. ನಾನು ಚೆನ್ನಾಗಿದ್ದೇನೆ, ನನಗೇನಾಗಬೇಕು. ಅಮ್ಮನ ಉಸಿರು ಮಾತ್ರ ಮೊದಲಿನ ಹಾಗಿಲ್ಲ. ಮಲಗಿದರೆ ಆಕ್ಸಿಜನ್ ಮೆಷಿನ್ ಬೇಕೇ ಬೇಕು. ಚಂಡಮಾರುತದಲ್ಲಿ ಬಿದ್ದ ಫೋನ್ ಗೋಪುರ ಇನ್ನೂ ಎದ್ದಿಲ್ಲ, ಅದಕ್ಕೇ ಈ ಕಾಗದ. ಅಂಚೆಯ ವ್ಯಾನು ಸೇತುವೆಯವರೆಗೆ ಬರುತ್ತದೆ. ಅಲ್ಲಿಯವರೆಗೆ ನಾನು ನಡೆಯುತ್ತೇನೆ.

ಸೆಪ್ಟೆಂಬರಿನಿಂದ ನಮಗೆ ಲೈಟ್ ಇಲ್ಲ. ಕೆಳಗಿನ ಕಣಿವೆಯಲ್ಲಿ ಅಪ್ಪ ಲೈನ್‌ಮನ್ ಆಗಿದ್ದಾಗ ತಾವೇ ನಿಂತು ನೆಡಿಸಿದ ಕಂಬಗಳು ಒಂದರ ಮೇಲೊಂದು ಮಲಗಿವೆ. ಕರೆಂಟ್ ಕಂಪನಿಯವರು ಬಂದರು, ನೋಡಿದರು, ಫೋಟೋ ತೆಗೆದರು, ಹೋದರು. ಅಪ್ಪ ಅವರಿಗೆ ಕಾಫಿ ಕೊಟ್ಟು, ಯಾವ ಕಂಬದಿಂದ ಶುರು ಮಾಡಿದರೆ ಕೆಲಸ ಬೇಗ ಆಗುತ್ತದೆ ಎಂದು ನೆಲದಲ್ಲಿ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಹುಡುಗರು ಮರ್ಯಾದೆಯಿಂದಲೇ ತಲೆಯಾಡಿಸಿದರು. ಅವರಲ್ಲೊಬ್ಬ ಹೋಗುವಾಗ ಆ ಗೆರೆಯ ಮೇಲೇ ಕಾಲಿಟ್ಟು ಹೋದ. ನನಗೆ ಎಷ್ಟು ಕೋಪ ಬಂತೆಂದರೆ ಅವನ ಲೋಟವನ್ನು ಎರಡು ಸಲ ತೊಳೆದೆ.

ನೀನು ಹಿಂದಿನ ಚಂಡಮಾರುತದ ನಂತರ ಕಳಿಸಿದ ಜನರೇಟರಿನ ಕಥೆ ನಿನಗೆ ಇದುವರೆಗೆ ಯಾರೂ ಬರೆದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಅದು ಬಂದ ದಿನದಿಂದ ಟಾರ್ಪಾಲು ಹೊದ್ದು ಹಿತ್ತಿಲಲ್ಲೇ ಕೂತಿತ್ತು, ಅದರ ಮೇಲೆ ಬಾಳೆಗೊನೆ ಇಡುತ್ತಿದ್ದೆವು. ಲೈನ್‌ಮನ್ ಮನೆಯಲ್ಲಿ ಜನರೇಟರ್ ಇರುವುದೆಂದರೆ ಪಾದ್ರಿಯ ಮನೆಯಲ್ಲಿ ಮಂತ್ರವಾದಿ ಇದ್ದ ಹಾಗೆ ಎಂದು ಅಪ್ಪನ ವಾದ. ನೀನು ಕಳಿಸಿದ್ದೆಂಬ ಸಿಟ್ಟೂ ಅದರಲ್ಲಿ ಇತ್ತು, ಅದನ್ನು ನಾನೇಕೆ ಮುಚ್ಚಿಡಲಿ. ಕಂಪನಿಯ ಮಾಲೀಕರು ಬದಲಾದ ವರ್ಷ ನೀನು ಹೊರಟಾಗ ಅಪ್ಪ ಆಡಿದ ಮಾತನ್ನು ನೀನೂ ಮರೆತಿಲ್ಲ, ಅವರೂ ಮರೆತಿಲ್ಲ. "ಕಂಬ ಬಿಟ್ಟು ಹೋಗೋನ ಹತ್ರ ನಂಗೇನು ಮಾತು" ಅಂದಿದ್ದರಲ್ಲ.

ಆದರೆ ಈ ಸಲ ಲೈಟ್ ಹೋದ ವಾರದಲ್ಲೇ ಒಂದು ರಾತ್ರಿ ಅಮ್ಮನಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಯಿತು. ಮೆಷಿನ್ನಿಗೆ ಕರೆಂಟಿಲ್ಲ. ಎದುರುಮನೆಯ ಚಾಗೊ ಓಡಿ ಬಂದು, ಎರಡೂ ತುದಿಗೆ ಪಿನ್ನಿರುವ ಒಂದು ವೈರು ತಂದುಕೊಟ್ಟ. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿಬಿಟ್ಟರೆ ಮನೆಯಿಡೀ ಹೊತ್ತಿಕೊಳ್ಳುತ್ತದೆ ಎಂದ. ಅಪ್ಪ ಆ ವೈರನ್ನು ಕೈಗೆ ತೆಗೆದುಕೊಂಡು ಕತ್ತರಿಯಿಂದ ನಡುವೆ ಕತ್ತರಿಸಿದರು. ಚಾಗೊ ಬಾಯಿ ಬಿಡುವ ಮೊದಲೇ, "ಈ ಕರೆಂಟು ನಮ್ಮನೇಲಿ ನಿಲ್ಲಲ್ಲ ಕಣಯ್ಯಾ, ಹಿಂದಕ್ಕೆ ಲೈನಿಗೆ ಹತ್ತುತ್ತೆ. ಅಲ್ಲಿ ತಂತಿ ಮೇಲೆ ಕೈ ಇಟ್ಟಿರೋನೂ ಒಬ್ಬ ತಾಯಿ ಮಗನೇ" ಅಂದರು. ಅಮ್ಮ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಯಾವ ಮಗ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ರಾತ್ರಿ ಜನರೇಟರಿನಿಂದ ಕಿಟಕಿಯ ಮೂಲಕ ನೇರವಾಗಿ ಒಂದು ಉದ್ದನೆಯ ವೈರು ಎಳೆದು, ಮೆಷಿನ್ ಒಂದನ್ನೇ ನಡೆಸಿದೆವು.

ಬೆಳಗಾದ ಮೇಲೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮನೆಯನ್ನು ಲೈನಿಗೋ ಜನರೇಟರಿಗೋ ಒಂದಕ್ಕೆ ಮಾತ್ರ ಜೋಡಿಸುವ ಚೇಂಜೋವರ್ ಸ್ವಿಚ್ಚು ಕೊಳ್ಳಲು ನನ್ನ ಜೊತೆ ಊರಿಗೆ ಇಳಿದರು. ಅವರು ಆ ಅಂಗಿ ಹಾಕುವುದು ಶವಸಂಸ್ಕಾರಕ್ಕೆ ಮಾತ್ರ. ಅಂಗಡಿಯ ಹುಡುಗಿ ಮೊದಲು ಅರವತ್ತು ಆಂಪಿಯರಿನದು ತೋರಿಸಿದಳು, ಅಗ್ಗ ಎಂದಳು. ನಮ್ಮ ಮೇನ್ ನೂರರದು, ಸ್ವಿಚ್ಚು ಅದಕ್ಕಿಂತ ಸಣ್ಣದಾದರೆ ಲೈನಿನ ಭಾರಕ್ಕೆ ಸುಟ್ಟುಹೋಗುತ್ತದೆ ಎಂದು ಅಪ್ಪ ಅದನ್ನು ಮುಟ್ಟಲೂ ಇಲ್ಲ. ಆಮೇಲೆ ಅವಳು ತಾನೇ ಬದಲಾಗುವ ಪೆಟ್ಟಿಗೆಯೊಂದನ್ನು ತಂದಿಟ್ಟಳು. ಲೈನ್ ಹೋದರೆ ಅದೇ ಜನರೇಟರನ್ನು ಎಬ್ಬಿಸುತ್ತದೆ, ಬಂದರೆ ಅದೇ ಮಲಗಿಸುತ್ತದೆ, ಹೋದದ್ದೇ ನಿಮಗೆ ಗೊತ್ತಾಗುವುದಿಲ್ಲ ಅಜ್ಜಾ ಎಂದಳು. ನಮ್ಮ ಜನರೇಟರ್ ಹಗ್ಗ ಎಳೆದು ಎಬ್ಬಿಸುವ ಜಾತಿಯದು, ಶಾಲೆಗೆ ಹೋಗುವಾಗಿನ ನಿನ್ನ ಹಾಗೆ, ತಾನಾಗಿ ಏಳುವುದಿಲ್ಲ. ಹಾಗಾಗಿ ಆ ಪೆಟ್ಟಿಗೆ ಹೇಗೂ ನಮಗೆ ಆಗುತ್ತಿರಲಿಲ್ಲ. ಅಪ್ಪ ಅದನ್ನು ಹೇಳಿ ಸುಮ್ಮನಾಗಬಹುದಿತ್ತು. ಹೇಳಿದ್ದು ಬೇರೆ. "ಹೋದದ್ದೇ ಗೊತ್ತಾಗ್ದಿದ್ರೆ, ಬಂದದ್ದು ಹೇಗಮ್ಮಾ ಗೊತ್ತಾಗುತ್ತೆ?" ಎಂದರು. ಅವಳು ಪೆಟ್ಟಿಗೆಯನ್ನು ಮತ್ತೆ ಕಪಾಟಿಗೆ ಏರಿಸಿದಳು.

ಹಿಡಿಯಿರುವ ಸ್ವಿಚ್ಚನ್ನೇ ತಂದೆವು. ಹಿಡಿ ಮೇಲಿದ್ದರೆ ಲೈನು, ಕೆಳಗಿದ್ದರೆ ಜನರೇಟರು, ನಡುವೆ ನಿಂತರೆ ಎರಡೂ ಇಲ್ಲ. ಎರಡು ಕಡೆಯೂ ಒಟ್ಟಿಗೆ ಹಿಡಿದುಕೊಳ್ಳಲು ಆಗುವುದೇ ಇಲ್ಲ. ಮೀಟರಿಗೂ ಮೇನ್ ಬೋರ್ಡಿಗೂ ನಡುವಿನ ಗೋಡೆಯಲ್ಲಿ ಕೂರಿಸಿದೆವು. ಅಪ್ಪನ ಕೈ ಈಗ ನಡುಗುತ್ತದೆ, ನಿನಗೆ ಗೊತ್ತಿಲ್ಲ. ಅವರು ಟಾರ್ಚು ಹಿಡಿದರು, ನಾನು ಸ್ಕ್ರೂ ಬಿಗಿದೆ. ಟಾರ್ಚಿನ ಬೆಳಕು ಗೋಡೆಯ ಮೇಲೆ ಅಲುಗಾಡುತ್ತಲೇ ಇತ್ತು. ಇಡೀ ಬೆಟ್ಟಕ್ಕೆ ಕರೆಂಟಿಲ್ಲ, ಆದರೂ ಪ್ರತಿಯೊಂದು ತಂತಿಯನ್ನೂ ಟೆಸ್ಟರಿನಿಂದ ಮುಟ್ಟಿ ನೋಡಿಸಿದರು. ಸತ್ತ ತಂತಿಯನ್ನೂ ನಂಬಬಾರದಂತೆ.

ನೀನು ಜನರೇಟರಿನ ಜೊತೆ ಕಳಿಸಿದ ದಪ್ಪ ಕೇಬಲ್ಲನ್ನು ಆಗ ಮೊದಲ ಸಲ ಬಿಚ್ಚಿದೆವು. ಅದಕ್ಕೆ ಸುತ್ತಿದ್ದ ಟೇಪಿನ ತುದಿಯನ್ನು ನೀನು ಮಡಚಿ ಪುಟ್ಟ ಕಿವಿ ಮಾಡಿದ್ದೆ, ಕೈಗವಸು ಹಾಕಿದ್ದರೂ ಸಲೀಸಾಗಿ ಬಿಚ್ಚಲು ಬರುವ ಹಾಗೆ, ಅಪ್ಪ ನಿನಗೆ ಕಲಿಸಿದ ಹಾಗೆ. ಅಪ್ಪ ಆ ಕಿವಿಯನ್ನು ಬೆರಳಲ್ಲಿ ಹಿಡಿದು ಟೇಪನ್ನು ತಾವೇ ಬಿಚ್ಚಿದರು. ಆಮೇಲೆ ಗೋಡೆಗೆ ಹೇಳಿದ ಹಾಗೆ ಹೇಳಿದರು: "ಲೈನ್ ಬರ್ಲಿ. ಬಂದ ದಿನ ನಾನೇ ಊರಿಗೆ ಇಳಿದು ಅವನಿಗೆ ಫೋನ್ ಮಾಡ್ತೀನಿ." ಒಬೇದ್, ನಾನು ಕೇಳಿದ್ದು ನಿಜ. ಸ್ಕ್ರೂ ಕೈಜಾರಿ ಬಿತ್ತು ನೋಡು. ಇಷ್ಟು ವರ್ಷ ನಾನು ಕಾದದ್ದು ಈ ಮಾತಿಗೇ.

ಅವರು ಇನ್ನೊಂದು ಕೆಲಸ ಮಾಡಿದರು. ಹಿಡಿ ಕೆಳಗಿರುವಾಗ ಲೈನ್ ಬಂದರೂ ಮನೆಯೊಳಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಸ್ವಿಚ್ಚಿಗಿಂತ ಮುಂಚೆ, ಮೀಟರಿನ ಕಡೆಯಿಂದಲೇ, ಒಂದು ಫ್ಯೂಸ್ ಹಾಕಿ ಜಗಲಿಗೆ ಒಂದು ಬಲ್ಬು ಎಳೆದರು. ಜನರೇಟರಿಗೂ ಅದಕ್ಕೂ ಸಂಬಂಧವಿಲ್ಲ. ಲೈನ್ ಬಂದರೆ ಮಾತ್ರ ಹತ್ತುತ್ತದೆ. ಅದರೆದುರಿಗೆ ಕುರ್ಚಿ ಹಾಕಿಕೊಂಡರು. ಅಂದಿನಿಂದ ಊಟ ಅಲ್ಲೇ, ಕಾಫಿ ಅಲ್ಲೇ. ಹಿಂದೆಲ್ಲ ಲೈಟ್ ಬಂದರೆ ಕೆಳಗಿನ ಮನೆಯಿಂದ ಕೂಗು ಎದ್ದು, ಮನೆಯಿಂದ ಮನೆಗೆ ಹತ್ತಿ, ಬೆಟ್ಟದ ತುದಿಯವರೆಗೆ ಹೋಗುತ್ತಿತ್ತಲ್ಲ, ಮಕ್ಕಳು ಪಾತ್ರೆ ಬಡಿಯುತ್ತಿದ್ದರಲ್ಲ. ಅಪ್ಪ ಕಂಬದ ಮೇಲೆ ನಿಂತು ಅದನ್ನು ಕೇಳುತ್ತಿದ್ದರಂತೆ. ಅಂಥ ಸಂಬಳ ಯಾರೂ ಕೊಟ್ಟಿಲ್ಲ ಎನ್ನುತ್ತಿದ್ದರು. ಈಗ ಎಲ್ಲ ಹಿತ್ತಿಲಲ್ಲೂ ಜನರೇಟರ್ ಗುಡುಗುತ್ತದೆ. ಕೂಗಿದರೂ ಯಾರಿಗೆ ಕೇಳಬೇಕು.

ಬಲ್ಬು ಇನ್ನೂ ಹತ್ತಿಲ್ಲ. ಈ ವರ್ಷ ಹತ್ತುವ ಭರವಸೆ ನನಗಂತೂ ಇಲ್ಲ, ಬೆಟ್ಟದವರ ಸರದಿ ಯಾವಾಗಲೂ ಕೊನೆಗೆ. ಆದರೆ ಅಪ್ಪನಿಗೆ ಇದೆ, ಅಷ್ಟು ಸಾಕು. ದಿನಾ ಬೆಳಿಗ್ಗೆ ಬಲ್ಬಿನ ದೂಳು ಒರೆಸುತ್ತಾರೆ. ನಿನ್ನ ಫೋನನ್ನು ಯಾವಾಗಲೂ ಹತ್ತಿರ ಇಟ್ಟುಕೊಂಡಿರು. ಗೊತ್ತಿಲ್ಲದ ನಂಬರ್ ಬಂದರೂ ತೆಗೆದುಕೋ, ಅಪ್ಪ ಅಂಗಡಿಯಿಂದ ಮಾಡಬಹುದು.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಕ್ರಿಸ್‌ಮಸ್ಸಿಗೆ ತೊಗರಿ ಅನ್ನ ಮಾಡುವಾಗ ನಿನ್ನ ಪಾಲು ತೆಗೆದಿಡುತ್ತಾಳಂತೆ. ಅಪ್ಪನ ಆಶೀರ್ವಾದ ಬರೆಯಲೇ ಎಂದು ಕೇಳಿದೆ. ಬರಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹಾಗಾಗಿ ಬರೆದಿದ್ದೇನೆ. ದೇವರು ನಿನ್ನ ಕೈಯನ್ನು ತಂತಿಯ ಮೇಲೆ ಕಾಯಲಿ.

ನಿನ್ನ ಅಕ್ಕ,
ಅವಿಲ್ಡಾ

ಮರೆಯುವ ಮೊದಲು: ವ್ಯಾನು ಬರುವ ಹೊತ್ತಾಯಿತು, ಸೇತುವೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲಿನದನ್ನು ಬರೆದು ನಾಲ್ಕಾರು ದಿನವಾಯಿತು. ಅಷ್ಟರಲ್ಲಿ ಕಂಪನಿಯವರು ಮರಳಿ ಬಂದು ಕಣಿವೆಯ ಕಂಬಗಳನ್ನು ಎಬ್ಬಿಸಿದರು. ನಿನ್ನೆ ಸಂಜೆ ಬಲ್ಬು ಹತ್ತಿತು. ಕೆಳಗಿನ ಮನೆಯವರು ಕೂಗಿದರು, ಚಾಗೊ ಪಾತ್ರೆ ಬಡಿದ. ಅಪ್ಪ ನೋಡಿದರು. ಎದ್ದು ಹೋಗಿ ಜನರೇಟರ್ ಆರಿಸಿದರು, ಮನೆ ಕತ್ತಲಾಯಿತು. ಈಗ ಹಿಡಿ ಮೇಲೆತ್ತುತ್ತಾರೆ ಎಂದು ನಾನು ಅಮ್ಮನ ಕೈ ಹಿಡಿದು ನಿಂತೆ. ಅವರು ಪೆಟ್ರೋಲ್ ತುಂಬಿ, ಮತ್ತೆ ಹಗ್ಗ ಎಳೆದರು. ಯಾಕಪ್ಪಾ ಎಂದು ಕೇಳಿದ್ದಕ್ಕೆ "ಮತ್ತೆ ಹೋಗುತ್ತೆ ಬಿಡು" ಎಂದರು. ಊರಿಗೆ ಇಳಿಯೋಣವೇ ಎಂದೆ, ಯಾಕೆ ಎಂದರು. ಹಿಡಿ ಮೇಲೆತ್ತಿದರೆ ಲೈನ್ ಬಂತೆಂದು ಒಪ್ಪಿದ ಹಾಗೆ, ಆಮೇಲೆ ಆಡಿದ ಮಾತಿನಂತೆ ನಿನಗೆ ಫೋನ್ ಮಾಡಬೇಕಲ್ಲ. ಬಲ್ಬು ಈಗಲೂ ಉರಿಯುತ್ತಿದೆ, ಹಗಲಲ್ಲೂ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ. ಫೋನಿಗೆ ಕಾಯಬೇಡ, ಒಬೇದ್.